ಹಳೇ ಕಾರಿಗೆ ಜೀವ ಕೊಟ್ಟ ಕೈಗಳ ಚರಿತ್ರೆ

 

ಹಳೇ ಕಾರುಗಳ ರ‍್ಯಾಲಿ ನಡೆದರೆ ಮಾರನೇ ದಿನ ಫೋಟೋ ಬರುತ್ತೆ. ಕಾರಿನ ಹೆಸರು, ಮಾಡೆಲ್ ವರ್ಷ, ಮಾಲೀಕರ ಮನೆತನ ಎಲ್ಲಾ ಇರುತ್ತೆ. ಮೂವತ್ತು ವರ್ಷ ಶೆಡ್ಡಿನಲ್ಲಿ ಧೂಳು ತಿಂದ ಗಾಡೀನ ಮತ್ತೆ ರಸ್ತೆಗೆ ಇಳಿಸಿದ ಕೈಗಳು ಯಾರವು? ಅದನ್ನ ಕೇಳೋರು ಕಮ್ಮಿ. ನಾನು ಬಿನ್ನಿಪೇಟೆಯವನು, ಅದಕ್ಕೇ ಕೇಳ್ತಿದೀನಿ.

ಗಾಡಿಗೂ ಜಾತಿಗೂ ಇರೋ ಸಂಬಂಧ ಕಾರಿಗಿಂತ ಹಳೇದು. 1901ರಲ್ಲಿ ಬಾಲಕ ಭೀಮರಾವ್ ತನ್ನ ಅಣ್ಣನ ಜೊತೆ ಮಸೂರ್ ಸ್ಟೇಷನ್ನಿನಲ್ಲಿ ಇಳಿದಾಗ, ಮಹಾರ್ ಹುಡುಗರು ಅಂತ ಗೊತ್ತಾಗಿ ಯಾವ ಎತ್ತಿನ ಗಾಡಿಯವನೂ ಬರಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು ಹುಡುಗರೇ ಗಾಡಿ ಹೊಡಕೊಂಡು ಹೋದರು, ಗಾಡಿಯವನು ಪಕ್ಕದಲ್ಲಿ ನಡಕೊಂಡು ಬಂದ. 1929ರಲ್ಲಿ, ಅವರು ಬ್ಯಾರಿಸ್ಟರ್ ಆದಮೇಲೂ, ಚಾಳೀಸ್‌ಗಾಂವ್‌ನಲ್ಲಿ ಅದೇ ಕಥೆ. ಟಾಂಗಾ ಬಾಡಿಗೆಗೆ ಸಿಕ್ತು, ಓಡಿಸೋಕೆ ಟಾಂಗಾವಾಲ ಒಪ್ಪಲಿಲ್ಲ. ಕೇರಿಯವರೇ ಒಬ್ಬರು ಲಗಾಮು ಹಿಡಿದರು, ಅವರಿಗೆ ಅಭ್ಯಾಸ ಇರಲಿಲ್ಲ. ಸೇತುವೆ ಮೇಲೆ ಚಕ್ರ ಕಲ್ಲಿಗೆ ಬಡಿದು ಬಾಬಾಸಾಹೇಬರು ಕೆಳಕ್ಕೆ ಬಿದ್ದರು, ಕಾಲು ಮುರೀತು. ಇದನ್ನೆಲ್ಲಾ ಅವರೇ 'ವೀಸಾಗಾಗಿ ಕಾಯುತ್ತಾ' ಬರಹದಲ್ಲಿ ಹೇಳಿದಾರೆ. ನನಗೆ ಅಲ್ಲಿ ಕಾಣೋದು ಅವಮಾನ ಒಂದೇ ಅಲ್ಲ. ಒಂದು ಕಸುಬನ್ನ ನಮ್ಮಿಂದ ದೂರ ಇಟ್ಟರೆ ಅದರ ಬೆಲೆ ನಮ್ಮ ಮೂಳೆಯೇ ಕೊಡಬೇಕು ಅನ್ನೋ ಸತ್ಯ ಕಾಣುತ್ತೆ.

ಹಂಗಾಗಿ ಯಂತ್ರ ಕಲಿಯೋದು ನಮಗೆ ಬರೀ ಹೊಟ್ಟೆಪಾಡಲ್ಲ. 1884ರಲ್ಲಿ ಶುರುವಾದ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್, ನಮ್ಮ ಬಾಯಲ್ಲಿ ಬಿನ್ನಿ ಮಿಲ್, ಈ ಪೇಟೆಗೆ ಹೆಸರನ್ನೂ ಕೊಡ್ತು, ಯಂತ್ರದ ಸಹವಾಸವನ್ನೂ ಕೊಡ್ತು. ಮಿಲ್ಲು ಮುಚ್ಚಿತು, ಆ ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದವು. ವಿದ್ಯೆ ಮಾತ್ರ ಗ್ಯಾರೇಜು, ಲೇತು, ವೆಲ್ಡಿಂಗ್ ಅಂಗಡಿಗಳಲ್ಲಿ ಉಳೀತು. ದಲಿತರು, ಮುಸ್ಲಿಮರು, ತಮಿಳು ಕೂಲಿ ಮನೆತನದವರು ಒಂದೇ ಟೂಲ್‌ಬಾಕ್ಸ್ ಹಂಚಿಕೊಂಡ ಜಾಗ ಅದು.

ವರ್ಷಗಟ್ಟಲೆ ನಿಂತ ಹಳೇ ಫಿಯೆಟ್ಟೋ ಅಂಬಾಸಿಡರ್ರೋ ಬಂದ್ರೆ ಬಲ್ಲವರು ಸೀದಾ ಕೀ ತಿರುಗಿಸಲ್ಲ. ಮೊದಲು ಪ್ಲಗ್ ಬಿಚ್ಚಿ ಸಿಲಿಂಡರಿಗೆ ಚೂರು ಆಯಿಲ್ ಬಿಟ್ಟು ನೆನೆಯೋಕೆ ಬಿಡ್ತಾರೆ. ಆಮೇಲೆ ಎಂಜಿನ್ನನ್ನ ಕೈಯಲ್ಲೇ ಮೆಲ್ಲಗೆ ತಿರುಗಿಸಿ ನೋಡ್ತಾರೆ. ಹಿಡಕೊಂಡಿರೋ ಎಂಜಿನ್ನಿಗೆ ಸೆಲ್ಫ್ ಹೊಡೆದರೆ ರಿಂಗು, ಪಿಸ್ಟನ್ನು ಹಾಳು. ಟ್ಯಾಂಕಿನ ಪೆಟ್ರೋಲು ಅಂಟಾಗಿರುತ್ತೆ, ಅದನ್ನ ಪೂರ್ತಿ ಇಳಿಸಿ ಕಾರ್ಬುರೇಟರಿನ ಸಣ್ಣ ತೂತುಗಳನ್ನೆಲ್ಲಾ ಬಿಡಿಸಬೇಕು. ಬ್ರೇಕಿನ ರಬ್ಬರ್ ಕಪ್ಪುಗಳು ಸತ್ತಿರುತ್ತವೆ. ವೈರನ್ನ ಇಲಿ ಕಡಿದಿರುತ್ತೆ. ಟೈರು ನೋಡೋಕೆ ಹೊಸದಿದ್ದರೂ ಒಳಗೆ ಬಿರುಕು ಬಿಟ್ಟಿರುತ್ತೆ. ಓಡೋದಕ್ಕಿಂತ ಮೊದಲು ನಿಲ್ಲೋದು ಸರಿಮಾಡು ಅನ್ನೋದು ಗ್ಯಾರೇಜಿನ ಮೊದಲ ಪಾಠ. ತುಕ್ಕು ಹಿಡಿದ ತಗಡು ಕತ್ತರಿಸಿ ಹೊಸದು ಕೂರಿಸೋ ಟಿಂಕರಿಂಗಿಗೆ ಕಣ್ಣೇ ಅಳತೆಗೋಲು. ಸೀಟಿಗೆ ಚರ್ಮ ಹಾಕಿಸೋದಾದರೆ, ಚರ್ಮ ಹದ ಮಾಡೋ ವಿದ್ಯೆಯನ್ನ ಈ ನೆಲದಲ್ಲಿ ಸಾವಿರಾರು ವರ್ಷ ಕಾಪಾಡಿದೋರು ಯಾರು? ಅದೇ ವಿದ್ಯೆಗೆ ಅವರನ್ನ ಊರಾಚೆ ಇಟ್ಟರು. ಅದೇ ಚರ್ಮದ ಸೀಟು ಈಗ ರಾಜಗಾಂಭೀರ್ಯ!

ಇನ್ನು ಕಾನೂನು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರೋ ಗಾಡಿಗೆ 20,000 ರೂಪಾಯಿ ಕಟ್ಟಿದರೆ 10 ವರ್ಷದ ನೋಂದಣಿ, ನವೀಕರಣಕ್ಕೆ 5,000. ದಿನಾ ಓಡಿಸೋ ಹಾಗಿಲ್ಲ, ಬಾಡಿಗೆಗೂ ಬಿಡೋ ಹಾಗಿಲ್ಲ. ಅದೇ ವರ್ಷ ಅಕ್ಟೋಬರಿನ ಆದೇಶದಲ್ಲಿ 15 ವರ್ಷ ದಾಟಿದ ಟ್ಯಾಕ್ಸಿಯ ಎಫ್‌ಸಿ ಶುಲ್ಕ 1,000ದಿಂದ 7,000ಕ್ಕೆ, ಬಸ್ಸು ಲಾರಿಗಳದ್ದು 1,500ರಿಂದ 12,500ಕ್ಕೆ ಏರಿಸಿದರು. ಟ್ಯಾಕ್ಸಿ, ಲಾರಿಯವರಿಗೆ ಇದು ಬರೀ ಶುಲ್ಕ ಅಲ್ಲ, ಎಫ್‌ಸಿ ಇಲ್ಲದೆ ಅವರ ಅನ್ನದ ಗಾಡಿ ರಸ್ತೆಗೇ ಇಳಿಯೋ ಹಾಗಿಲ್ಲ.

ಹೊಗೆ ಉಗುಳೋ ಗಾಡಿ ಓಡಲಿ ಅಂತ ನಾನು ಹೇಳ್ತಿಲ್ಲ. ಹೊಗೆ ಮೊದಲು ಹೋಗೋದು ರಸ್ತೆಬದಿ ಬದುಕೋ ನಮ್ಮವರ ಶ್ವಾಸಕೋಶಕ್ಕೇ. ಆದ್ರೆ ಹಳೇದು ಶೋಕಿಯಾದರೆ ಪರಂಪರೆ, ಅದೇ ಹಳೇದು ಅನ್ನವಾದರೆ ಗುಜರಿ. ಈ ಲೆಕ್ಕ ಬರೆದೋರು ಯಾರು ಅಂತಾದ್ರೂ ಕೇಳಬೇಕಲ್ವಾ?

ಧರ್ಮಸ್ಥಳದ ಮಂಜೂಷಾ ಮ್ಯೂಸಿಯಮ್ಮಿಗೋ, ಶ್ರೀರಂಗಪಟ್ಟಣದ ಹತ್ತಿರದ 'ಪಯಣ'ಕ್ಕೋ ಹೋದ್ರೆ ಕಾರುಗಳನ್ನ ಕಣ್ತುಂಬ ನೋಡಿ, ಚೆನ್ನಾಗಿವೆ. ಜೊತೆಗೆ ಇದನ್ನ ರಿಪೇರಿ ಮಾಡಿದೋರು ಯಾರು ಅಂತ ಒಂದು ಮಾತು ಕೇಳಿ. ನಿಮ್ಮ ಬೀದಿಯಲ್ಲಿ ವಯಸ್ಸಾದ ಮೆಕ್ಯಾನಿಕ್, ಟಿಂಕರ್, ಸೀಟು ಹೊಲಿಯೋರು ಇದ್ರೆ ಅವರ ಜೊತೆ ಕೂತು ಮಾತಾಡಿ, ಫೋನಿನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಕಾರಿಗೆ ಆರ್‌ಸಿ ಬುಕ್ ಇದೆ. ಆ ಕೈಗಳಿಗೆ ಇರೋ ದಾಖಲೆ ಅವರ ನೆನಪು ಒಂದೇ.

ಜೈ ಭೀಮ್.