ಮೋಡದ ಚಿತ್ರವೂ ಮನಸ್ಸಿನ ದರ್ಶನವೂ

ಚಿತ್ರವೆಂಬುದು ಕಂಡ ವಸ್ತುವಿನ ಅನುಕರಣವೋ, ಅಥವಾ ಕಣ್ಣಿಗೆ ಕಾಣದುದರ ಸೂಚನೆಯೋ ಎಂಬ ಪ್ರಶ್ನೆಯು ಭಾರತೀಯ ಆಲಂಕಾರಿಕರಿಗೆ ಹೊಸದಲ್ಲ. ಶ್ರೀಶಂಕುಕನು ನಾಟ್ಯದ ರಸವನ್ನು ವಿವರಿಸುವಾಗ ಚಿತ್ರದಲ್ಲಿ ಬರೆದ ಕುದುರೆಯನ್ನು ದೃಷ್ಟಾಂತವಾಗಿ ಹಿಡಿದನು. ಅದನ್ನು ನೋಡಿದವನಿಗೆ ‘ಇದು ಕುದುರೆ’ ಎಂಬ ಪ್ರತೀತಿ ಹುಟ್ಟುವುದಷ್ಟೆ; ಆ ಪ್ರತೀತಿಯು ಸತ್ಯಜ್ಞಾನವೂ ಅಲ್ಲ, ಮಿಥ್ಯಾಜ್ಞಾನವೂ ಅಲ್ಲ, ಸಂಶಯವೂ ಅಲ್ಲ, ಬರಿಯ ಹೋಲಿಕೆಯ ಅರಿವೂ ಅಲ್ಲ; ಇವೆಲ್ಲಕ್ಕಿಂತಲೂ ವಿಲಕ್ಷಣವಾದುದು. ನಟನಲ್ಲಿ ರಾಮನನ್ನು ಕಾಣುವುದೂ ಹಾಗೆಯೇ. ಆದುದರಿಂದ ರಸವು ಅನುಕರಣರೂಪವಾದುದೆಂದು ಅವನ ಮತ. ಭಟ್ಟತೌತನೂ ಅವನ ಶಿಷ್ಯನಾದ ಅಭಿನವಗುಪ್ತನೂ ಈ ಅನುಕರಣವಾದವನ್ನು ಬಲವಾಗಿ ಖಂಡಿಸಿದರು. ಸಾವಿರ ವರ್ಷಗಳ ಹಿಂದೆ ಕಾಶ್ಮೀರದಲ್ಲಿ ನಡೆದ ಈ ವಿಚಾರವು, 1839ರಲ್ಲಿ ಪ್ಯಾರಿಸ್ ನಗರದಲ್ಲಿ ದಾಗೇರನ ಛಾಯಾಗ್ರಹಣವಿಧಾನವು ಪ್ರಕಟವಾದ ಮೇಲೆ, ಪಾಶ್ಚಾತ್ಯ ದೇಶಗಳಲ್ಲಿ ಬೇರೊಂದು ವೇಷದಿಂದ ತಲೆಯೆತ್ತಿತು. ಯಂತ್ರವು ಎದುರಿಗಿದ್ದುದನ್ನು ಇದ್ದಂತೆಯೇ ಅಚ್ಚೊತ್ತಿಕೊಡುವುದಾದರೆ, ಅಲ್ಲಿ ಮನಸ್ಸಿಗೆ ಏನು ಕೆಲಸ? ಮನಸ್ಸಿಲ್ಲದೆಡೆಯಲ್ಲಿ ಕಲೆಯೆಲ್ಲಿ? ಫ್ರೆಂಚ್ ಕವಿ ಬೋದಲೇರನು 1859ರಲ್ಲಿಯೇ ಛಾಯಾಗ್ರಹಣವು ವಿಜ್ಞಾನಕ್ಕೂ ಕಲೆಗೂ ಸೇವಕನಾಗಿರಬೇಕೆ ಹೊರತು ಕಲೆಯ ಪೀಠವನ್ನು ಏರಬಾರದೆಂದು ತೀರ್ಪಿತ್ತನು.

ಈ ತೀರ್ಪನ್ನು ತಿದ್ದಲು ಬಾಳೆಲ್ಲ ದುಡಿದವರಲ್ಲಿ ಅಮೆರಿಕದ ಆಲ್ಫ್ರೆಡ್ ಸ್ಟೀಗ್ಲಿಟ್ಸನು ಅಗ್ರಗಣ್ಯನು. ಅವನು 1864ರಲ್ಲಿ ಹೊಬೋಕನ್ ಎಂಬ ಊರಿನಲ್ಲಿ ಹುಟ್ಟಿದನು. ಯಂತ್ರಶಿಲ್ಪವನ್ನು ಕಲಿಯಲೆಂದು ಬರ್ಲಿನ್ನಿಗೆ ಹೋದವನು, ಅಲ್ಲಿ ಹೆರ್ಮನ್ ವೋಗೆಲ್ ಎಂಬ ಆಚಾರ್ಯನ ಬಳಿ ಛಾಯಾಗ್ರಹಣದ ರಸಾಯನಶಾಸ್ತ್ರಕ್ಕೆ ಮನಸೋತನು. ಆ ಗುರುವಿನ ಶೋಧನೆಯು ಇಲ್ಲಿ ಸ್ಮರಣೀಯವಾದುದು. ಹಿಂದಿನ ಗಾಜಿನ ಫಲಕಗಳು ನೀಲಿ ಮತ್ತು ನೇರಳೆ ಬೆಳಕಿಗೆ ಮಾತ್ರ ಸ್ಪಂದಿಸುತ್ತಿದ್ದವು. ನೀಲಾಕಾಶವೂ ಬಿಳಿಯ ಮೋಡವೂ ಫಲಕದ ಮೇಲೆ ಒಂದೇ ಬಗೆಯಾಗಿ ಬಿದ್ದು, ಮುಗಿಲೆಲ್ಲ ಸುಣ್ಣ ಬಳಿದ ಗೋಡೆಯಂತೆ ಕಾಣುತ್ತಿತ್ತು. 1873ರಲ್ಲಿ ವೋಗೆಲನು ಫಲಕದ ಲೇಪಕ್ಕೆ ಕೆಲವು ಬಣ್ಣಗಳನ್ನು ಬೆರಸಿದರೆ ಅದು ಹಸುರು ಮೊದಲಾದ ಬೆಳಕುಗಳಿಗೂ ಎಚ್ಚರಗೊಳ್ಳುವುದೆಂದು ಕಂಡುಹಿಡಿದನು. ಮೋಡವನ್ನು ಮೋಡವಾಗಿ ಹಿಡಿಯುವ ದಾರಿ ತೆರೆದುದು ಹೀಗೆ.

ಸ್ವದೇಶಕ್ಕೆ ಹಿಂದಿರುಗಿದ ಸ್ಟೀಗ್ಲಿಟ್ಸನು 1902ರಲ್ಲಿ ಸಮಾನಮನಸ್ಕರ ಕೂಟವೊಂದನ್ನು ಕಟ್ಟಿ, 1903ರಿಂದ 1917ರವರೆಗೆ ‘ಕ್ಯಾಮೆರಾ ವರ್ಕ್’ ಎಂಬ ಪತ್ರಿಕೆಯನ್ನು ನಡೆಸಿದನು. ಛಾಯಾಗ್ರಾಹಕರ ಈ ಪತ್ರಿಕೆಯು 1911ರಲ್ಲಿ ಫ್ರೆಂಚ್ ತತ್ತ್ವಜ್ಞನಾದ ಆನ್ರೀ ಬೆರ್ಗ್ಸನ್ನನ ‘ಸೃಷ್ಟಿಶೀಲ ವಿಕಾಸ’ವೆಂಬ ಗ್ರಂಥದ ಒಂದು ಭಾಗವನ್ನು ಅಚ್ಚುಮಾಡಿತು. ಇದೊಂದು ಸೋಜಿಗದ ಸಂಗತಿ. ಏಕೆಂದರೆ ಅದೇ ಗ್ರಂಥದ ಕೊನೆಯ ಅಧ್ಯಾಯದಲ್ಲಿ ಬೆರ್ಗ್ಸನ್ನನು ಬುದ್ಧಿಯ ಕೊರತೆಯನ್ನು ತೋರಿಸಲು ಕ್ಯಾಮೆರಾವನ್ನೇ ಉಪಮಾನವಾಗಿ ಆರಿಸಿಕೊಂಡಿದ್ದಾನೆ. ಬಾಳು ಎಡೆಬಿಡದ ಪ್ರವಾಹ. ಬುದ್ಧಿಯಾದರೋ ಅದರಿಂದ ಕ್ಷಣಕ್ಕೊಂದು ನಿಶ್ಚಲಚಿತ್ರವನ್ನು ತೆಗೆದು, ಅವನ್ನು ಸಾಲಾಗಿ ಪೋಣಿಸಿ, ಚಲಚ್ಚಿತ್ರಯಂತ್ರದಂತೆ ಚಲನೆಯ ಭ್ರಾಂತಿಯನ್ನು ಹುಟ್ಟಿಸುವುದೇ ಹೊರತು ಪ್ರವಾಹವನ್ನು ಮುಟ್ಟಲಾರದು. ಮುಟ್ಟುವುದು ಅಂತರ್ದೃಷ್ಟಿಯೊಂದೇ ಎಂದು ಅವನ ಸಿದ್ಧಾಂತ. ಬೌದ್ಧರ ಕ್ಷಣಿಕವಾದವನ್ನು ಓದಿದವರಿಗೆ ಇದರ ವೈಚಿತ್ರ್ಯ ಹೊಳೆಯದಿರದು: ಅಲ್ಲಿ ಕ್ಷಣವೇ ಸತ್ಯ, ಸಂತಾನವು ಕಲ್ಪಿತ, ಇಲ್ಲಿ ಪ್ರವಾಹವೇ ಸತ್ಯ, ಕ್ಷಣವು ಕಲ್ಪಿತ. ಕ್ಷಣವನ್ನು ಬಿಟ್ಟು ಬೇರೇನನ್ನೂ ಹಿಡಿಯಲಾಗದ ಛಾಯಾಗ್ರಾಹಕನಿಗೆ ಬೆರ್ಗ್ಸನ್ನನ ವಾದವು ಪೂರ್ವಪಕ್ಷವಾಗಿ ನಿಂತಿತು. ಅದನ್ನು ಮರೆಮಾಡದೆ ತನ್ನ ಪತ್ರಿಕೆಯಲ್ಲಿಯೇ ಆ ತತ್ತ್ವಜ್ಞನಿಗೆ ಎಡೆಮಾಡಿಕೊಟ್ಟುದು ಸ್ಟೀಗ್ಲಿಟ್ಸನ ಹಿರಿಮೆ.

ಅವನು ಕೊಟ್ಟ ಉತ್ತರ ಮಾತಿನದಲ್ಲ. 1922ರಲ್ಲಿ, ಜಾರ್ಜ್ ಸರೋವರದ ತೀರದಲ್ಲಿದ್ದ ತನ್ನ ಕುಟುಂಬದ ಬೇಸಗೆಯ ಮನೆಯಲ್ಲಿ, ಅವನು ಕ್ಯಾಮೆರಾವನ್ನು ಆಕಾಶದ ಕಡೆಗೆ ತಿರುಗಿಸಿದನು. ಇದರ ಕಾರಣವನ್ನು 1923ರ ಲೇಖನವೊಂದರಲ್ಲಿ ತಾನೇ ವಿವರಿಸಿದ್ದಾನೆ. ಅವನ ಚಿತ್ರಗಳ ಶಕ್ತಿಯೆಲ್ಲ ಎದುರಿಗೆ ಕುಳಿತವರ ಮೇಲೆ ಅವನು ಬೀರುವ ಸಮ್ಮೋಹನದಿಂದ ಬಂದುದೆಂದು ಒಬ್ಬ ಯುವ ಲೇಖಕನು ಬರೆದಿದ್ದನು. ತಾಯಿಯು ಕೊನೆಯ ದಿನಗಳಲ್ಲಿದ್ದ, ಸುತ್ತಲಿನ ಹಳೆಯ ಮರಗಳು ಸಾಯುತ್ತಿದ್ದ ಆ ಬೇಸಗೆಯಲ್ಲಿ ಈ ಮಾತು ಅವನನ್ನು ಚುಚ್ಚಿತು. ಮೋಡಗಳನ್ನು ಸಮ್ಮೋಹನಗೊಳಿಸುವವರುಂಟೆ? ಅವು ಸರ್ವರ ಸೊತ್ತು, ಅವುಗಳಿಗೆ ಸುಂಕವಿಲ್ಲ. ನಲವತ್ತು ವರ್ಷಗಳ ಸಾಧನೆಯಿಂದ ತಾನು ಕಲಿತುದೇನೆಂಬುದನ್ನೂ, ತನ್ನ ಜೀವನದರ್ಶನವನ್ನೂ ಮೋಡಗಳ ಮೂಲಕವೇ ತೋರಿಸಲು ಅವನು ನಿಶ್ಚಯಿಸಿದನು. ಮೊದಲ ಹತ್ತು ಚಿತ್ರಗಳ ಮಾಲೆಗೆ ‘ಸಂಗೀತ’ವೆಂದು ಹೆಸರಿಟ್ಟನು. ಮುಂದೆ 1925ರಿಂದ ಸುಮಾರು ಹತ್ತು ವರ್ಷಗಳಲ್ಲಿ ತೆಗೆದ 200ಕ್ಕೂ ಹೆಚ್ಚಿನ ಚಿತ್ರಗಳನ್ನು ‘ಸಮಾನಕಗಳು’ ಎಂದು ಕರೆದನು. ಒಂದೊಂದೂ 5 ಅಂಗುಲಕ್ಕೆ 4 ಅಂಗುಲದಷ್ಟು ಚಿಕ್ಕದು. ಹಲವುಗಳಲ್ಲಿ ನೆಲವಿಲ್ಲ, ದಿಗಂತವಿಲ್ಲ. ಮೇಲಾವುದು ಕೆಳಗಾವುದೆಂಬ ಗೊತ್ತೂ ಇಲ್ಲ. ಇದು ಇಂತಹ ಮೋಡವೆಂದು ತಿಳಿಸುವುದು ಅವುಗಳ ಉದ್ದೇಶವಲ್ಲ. ಅಂತರಂಗದ ಒಂದು ಅವಸ್ಥೆಗೆ ಸಮನಾದ ರೂಪವನ್ನು ಹೊರಗೆ ನಿಲ್ಲಿಸುವುದೇ ಉದ್ದೇಶ.

ಈ ಹೊತ್ತಿನಲ್ಲಿಯೇ ಭಾರತೀಯ ಕಲಾದರ್ಶನವು ಸ್ಟೀಗ್ಲಿಟ್ಸನ ಬಾಗಿಲಿಗೆ ಬಂದುದು ಚರಿತ್ರೆಯ ಒಂದು ಸುಯೋಗ. 1877ರಲ್ಲಿ ಕೊಲಂಬೋ ನಗರದಲ್ಲಿ ಜನಿಸಿ, ಭೂಗರ್ಭಶಾಸ್ತ್ರದಲ್ಲಿ ಪಾರಂಗತರಾಗಿ, ಅನಂತರ ಕಲಾಮೀಮಾಂಸೆಗೆ ತಿರುಗಿದ ಆನಂದ ಕುಮಾರಸ್ವಾಮಿಗಳು 1917ರಿಂದ ಬಾಸ್ಟನ್ನಿನ ಲಲಿತಕಲಾ ವಸ್ತುಸಂಗ್ರಹಾಲಯದಲ್ಲಿ ಭಾರತೀಯ ಕಲೆಯ ವಿಭಾಗವನ್ನು ನೋಡಿಕೊಳ್ಳುತ್ತಿದ್ದರು. ಅವರೂ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಬಲ್ಲವರು. ಅವರ ಪ್ರೇರಣೆಯಿಂದ ಸ್ಟೀಗ್ಲಿಟ್ಸನು 1924ರಲ್ಲಿ ತಾನೇ ಆರಿಸಿದ 27 ಛಾಯಾಚಿತ್ರಗಳನ್ನು ಆ ಸಂಗ್ರಹಾಲಯಕ್ಕೆ ಕಾಣಿಕೆಯಾಗಿ ಕೊಟ್ಟನು. ಛಾಯಾಚಿತ್ರಗಳು ದಾಖಲೆಗಳೆಂದಲ್ಲ, ಕಲಾಕೃತಿಗಳೆಂದೇ ಆ ಮಂದಿರವನ್ನು ಹೊಕ್ಕವು. ಶಿಲ್ಪಶಾಸ್ತ್ರಗಳನ್ನು ಬಲ್ಲ ವಿದ್ವಾಂಸರೊಬ್ಬರು ಯಂತ್ರದ ಕೃತಿಗೆ ಹೀಗೆ ಬಾಗಿಲು ತೆರೆದುದು ಸಾಮಾನ್ಯವಲ್ಲ.

ಅದರ ಮರ್ಮವು 1934ರಲ್ಲಿ ಪ್ರಕಟವಾದ ಅವರ ‘ಕಲೆಯಲ್ಲಿ ಪ್ರಕೃತಿಯ ರೂಪಾಂತರ’ವೆಂಬ ಗ್ರಂಥದಿಂದ ತಿಳಿಯುತ್ತದೆ. ಚಿತ್ರದ ಅಂಗಗಳಲ್ಲೊಂದಾದ ‘ಸಾದೃಶ್ಯ’ವೆಂದರೆ ಹೊರಗಿನ ವಸ್ತುವಿನ ಪಡಿಯಚ್ಚಲ್ಲ, ಮನಸ್ಸಿನಲ್ಲಿ ಮೂಡಿದ ಭಾವಕ್ಕೂ ಕೃತಿಯ ರೂಪಕ್ಕೂ ಇರುವ ಹೊಂದಾಣಿಕೆಯೆಂದು ಅಲ್ಲಿ ಅವರು ಪ್ರತಿಪಾದಿಸಿದ್ದಾರೆ. ಸ್ಟೀಗ್ಲಿಟ್ಸನ ‘ಸಮಾನಕ’ವೂ ಕುಮಾರಸ್ವಾಮಿಗಳ ‘ಸಾದೃಶ್ಯ’ವೂ ಒಂದರಿಂದೊಂದು ಹುಟ್ಟಿದವೆಂದು ಹೇಳುವುದು ಸಾಹಸವಾದೀತು, ಆದರೆ ಎರಡೂ ಅನುಕರಣವಾದದ ಖಂಡನೆಯಲ್ಲಿ ಕೈಗೂಡಿಸಿ ನಿಂತಿವೆ ಎಂಬುದರಲ್ಲಿ ಸಂದೇಹವಿಲ್ಲ. ಸ್ಟೀಗ್ಲಿಟ್ಸನು 1946ರಲ್ಲಿಯೂ ಕುಮಾರಸ್ವಾಮಿಗಳು 1947ರಲ್ಲಿಯೂ ತೀರಿಕೊಂಡರು. ಸ್ಟೀಗ್ಲಿಟ್ಸನ ಕೊನೆಯ ವರ್ಷದಲ್ಲಿ ಅವನನ್ನು ಕಂಡು ಮಾತಾಡಿದ ಮೈನರ್ ವೈಟ್ ಎಂಬವನು ‘ಸಮಾನಕ’ದ ವಿಚಾರವನ್ನು ಮುಂದುವರಿಸಿ, ಅದಕ್ಕೆ ಝೆನ್ ಬೌದ್ಧರ ಧ್ಯಾನಮಾರ್ಗವನ್ನು ಸೇರಿಸಿ, 1976ರಲ್ಲಿ ಗತಿಸುವವರೆಗೂ ಶಿಷ್ಯರಿಗೆ ಬೋಧಿಸಿದನು.

ಇಲ್ಲಿ ಒಂದು ಆಕ್ಷೇಪವೇಳುತ್ತದೆ. ಮೋಡದ ಚಿತ್ರವು ತೆಗೆದವನ ಮನಸ್ಸನ್ನು ಸೂಚಿಸುವುದೆಂದರೆ, ನೋಡುವವನಿಗೆ ಅದರ ಪ್ರಮಾಣವೇನು? ಕೈ ನಡುಗಿ ಕೆಡಿಸಿದ ಫಲಕವನ್ನೂ ದರ್ಶನವೆಂದು ಸಾರಲು ಯಾರಿಗೆ ತಡೆ? ಆಕ್ಷೇಪವು ಹುರುಳಿಲ್ಲದ್ದಲ್ಲ, ತತ್ತ್ವದ ಹೆಸರಿನಲ್ಲಿ ಸೋಮಾರಿತನವು ನುಸುಳುವುದುಂಟು. ಆದರೆ ವ್ಯಂಗ್ಯಾರ್ಥವನ್ನು ಬಯಸುವವನೂ ವಾಚ್ಯಾರ್ಥವನ್ನು ಅಲಕ್ಷಿಸಲಾಗದೆಂದು ಆನಂದವರ್ಧನನು ದೀಪದ ದೃಷ್ಟಾಂತದಿಂದ ಎಂದೋ ತೋರಿಸಿದ್ದಾನೆ. ಸ್ಟೀಗ್ಲಿಟ್ಸನೂ ತನ್ನ ಮೋಡದ ಚಿತ್ರಗಳು ಛಾಯಾಚಿತ್ರಗಳಾಗಿಯೇ ಕಾಣಬೇಕೆಂದು ಬಯಸಿದನು. ಬರ್ಲಿನ್ನಿನಲ್ಲಿ ಕಲಿತ ರಸಾಯನದ ಶಿಸ್ತನ್ನು ಆಕಾಶಕ್ಕೆ ಕಣ್ಣೆತ್ತಿದಾಗಲೂ ಸಡಿಲಿಸಲಿಲ್ಲ. ಮೋಡವು ಮೊದಲು ಮೋಡವಾಗಿ ನಿಂತುದರಿಂದಲೇ ಅದು ಬೇರೊಂದನ್ನು ಧ್ವನಿಸಬಲ್ಲುದಾಯಿತು. ಸಹೃದಯನಲ್ಲಿ ಅದು ಎಬ್ಬಿಸುವ ಸ್ಪಂದನವೇ ಅದರ ಪ್ರಮಾಣ. ಯಂತ್ರಕ್ಕೆ ಮನಸ್ಸಿಲ್ಲವೆಂಬುದು ನಿಜ. ಲೇಖನಿಗೂ ಇಲ್ಲ, ವೀಣೆಗೂ ಇಲ್ಲ.