ಎರಡನೆಯ ದನಿ: ಬೀಳಗಿಯ ಅಮೀರಬಾಯಿ ಮತ್ತು ಹಿಮ್ಮೇಳದ ಪ್ರಶ್ನೆ

‘ಗೋರೆ ಗೋರೆ’ ಯಾರ ಹಾಡು ಎಂದು ಕೇಳಿದರೆ ಹಳೆಯ ಹಿಂದಿ ಹಾಡು ಬಲ್ಲವರು ತಡವರಿಸದೆ ಲತಾ ಮಂಗೇಶ್ಕರ್ ಹೆಸರು ಹೇಳುತ್ತಾರೆ. ಉತ್ತರ ಅರ್ಧ ಸರಿ. 1950ರ ‘ಸಮಾಧಿ’ ಚಿತ್ರದ ಈ ಹಾಡು ಒಂದು ಸವಾಲು-ಜವಾಬು. ಹುಡುಗಿ ಕರೆಯುತ್ತಾಳೆ, ಹುಡುಗನ ಪಾಲಿನ ಮಾತು ಅದಕ್ಕೆ ಮರುನುಡಿಯುತ್ತದೆ. ಕರೆ ಲತಾ ಅವರದು; ಮರುನುಡಿ ಬೀಳಗಿಯ ಅಮೀರಬಾಯಿ ಕರ್ನಾಟಕಿಯವರದು. ಮರುನುಡಿ ತೆಗೆದರೆ ಹಾಡೇ ನಿಲ್ಲದು. ಆದರೂ ನೆನಪಿನಲ್ಲಿ ಉಳಿದದ್ದು ಕರೆದವಳ ಹೆಸರು ಮಾತ್ರ.

ಏಳೇ ವರ್ಷ ಹಿಂದೆ ಪರಿಸ್ಥಿತಿ ಪೂರ್ತಿ ಬೇರೆ ಇತ್ತು. 1943ರಲ್ಲಿ ಬಾಂಬೆ ಟಾಕೀಸ್ ಹೊರತಂದ, ಜ್ಞಾನ್ ಮುಖರ್ಜಿ ನಿರ್ದೇಶನದ ‘ಕಿಸ್ಮತ್’ ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮೀರಿ ಓಡಿತು. ಅದರ ಹಾಡುಗಳ ಬೆನ್ನೆಲುಬು ಅಮೀರಬಾಯಿಯವರ ಕಂಠ. ‘ದೂರ ಹಟೋ’ ಹಾಡಿನ ಬಗ್ಗೆ ಬರೆದವರು ಬಹಳ ಮಂದಿ. ಬರೆದದ್ದೆಲ್ಲ ಹೆಚ್ಚಾಗಿ ಕವಿ ಪ್ರದೀಪರ ಜಾಣ್ಮೆಯ ಬಗ್ಗೆ. ಜರ್ಮನಿ, ಜಪಾನಿನ ಹೆಸರು ತಂದು ಬ್ರಿಟಿಷ್ ಸೆನ್ಸಾರಿನ ಕಣ್ಣಿಗೆ ಮಣ್ಣೆರಚಿದ್ದು, ಆಮೇಲೆ ಬಂಧನದ ಭಯಕ್ಕೆ ಕವಿ ತಲೆಮರೆಸಿಕೊಂಡದ್ದು. ಈ ಕಥೆ ರೋಚಕ, ನಿಜ. ಆದರೆ ಹಾಡು ಜನರ ಬಾಯಿಗೆ ಹತ್ತಿದ್ದು ಪದದ ಜಾಣ್ಮೆಯಿಂದಷ್ಟೇ ಎಂದರೆ ಕಿವಿಗೆ ಅನ್ಯಾಯ.

ಕಿವಿಗೊಟ್ಟು ಕೇಳಿದರೆ ಅದರ ಕಟ್ಟಡ ಬೇಗ ತಿಳಿಯುತ್ತದೆ. ಅಮೀರಬಾಯಿ ಮತ್ತು ಖಾನ್ ಮಸ್ತಾನಾ ಸೊಲ್ಲು ಮುಂದಿಡುತ್ತಾರೆ, ಪಲ್ಲವಿಯನ್ನು ಮೇಳ ಎತ್ತಿಕೊಳ್ಳುತ್ತದೆ. ಸಂಗೀತ ನಿರ್ದೇಶಕ ಅನಿಲ್ ಬಿಸ್ವಾಸ್ ಪೂರ್ವ ಬಂಗಾಳದ ಬಾರಿಸಾಲದವರು. ಹಿಂದಿ ಚಿತ್ರಗೀತೆಯಲ್ಲಿ ಮೇಳದ ದನಿಯನ್ನು ಗಟ್ಟಿಯಾಗಿ ಬಳಸಿದ ಮೊದಲಿಗರಲ್ಲಿ ಅವರೂ ಒಬ್ಬರು. ಅಂದಿನ ಧ್ವನಿಮುದ್ರಣದಲ್ಲಿ ಇಂದಿನ ಹಾಗೆ ಪ್ರತಿ ದನಿಗೊಂದು ಟ್ರ್ಯಾಕ್ ಇರಲಿಲ್ಲ. ಮುಖ್ಯ ಗಾಯಕಿ ಮೈಕಿನ ಸಮೀಪ, ಮೇಳದವರು ನಾಲ್ಕು ಹೆಜ್ಜೆ ಹಿಂದೆ. ದನಿಯ ಏರಿಳಿತವನ್ನು ನಿಂತ ಜಾಗವೇ ತೀರ್ಮಾನಿಸುತ್ತಿತ್ತು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ. ಆ ಹಿಂದಿನ ಸಾಲಿನಲ್ಲಿ ನಿಂತವರ ಹೆಸರುಗಳನ್ನು 78 ತಿರುವಿನ ತಟ್ಟೆಯ ಚೀಟಿ ಹೇಳುವುದಿಲ್ಲ. ‘ಕೋರಸ್’ ಎಂಬ ಒಂದೇ ಪದದಲ್ಲಿ ಅಷ್ಟೂ ಜನರ ಲೆಕ್ಕ ಮುಗಿಯುತ್ತದೆ.

ಇಂಥ ಹಾಡಿಕೆ ಬೀಳಗಿ ಸೀಮೆಗೆ ಹೊಸದಲ್ಲ. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳ ಹಳ್ಳಿಗಳಲ್ಲಿ ಶ್ರೀಕೃಷ್ಣ ಪಾರಿಜಾತದ ಆಟ ನೋಡಿದವರಿಗೆ ಇದು ಗೊತ್ತು. ಕುಲಗೋಡ ತಮ್ಮಣ್ಣನ ಕೈಯಲ್ಲಿ ಪಳಗಿದ ಈ ಆಟದಲ್ಲಿ ಸತ್ಯಭಾಮೆಯ ಮುನಿಸು ಅವಳೊಬ್ಬಳ ಬಾಯಲ್ಲಿ ಮುಗಿಯುವುದಿಲ್ಲ. ಅವಳು ಬಿಟ್ಟ ಸೊಲ್ಲನ್ನು ಹಿಮ್ಮೇಳದವರು ಹಿಡಿದು, ಎಳೆದು, ತಾಳಕ್ಕೆ ಕೂರಿಸಿ ಮರಳಿ ಕೊಡುತ್ತಾರೆ; ನಡುವೆ ದೂತಿ ಮತ್ತು ಭಾಗವತರ ಮಾತಿನ ಚಕಮಕಿ. ಮೊಹರಮ್ಮಿನ ರಿವಾಯತ್ ಪದಗಳಲ್ಲೂ ಅದೇ ನಡೆ: ಮುಂದಿನವನು ಅನ್ನುತ್ತಾನೆ, ಹಿಂದಿನವರು ಅನ್ನಿಸುತ್ತಾರೆ. ಕರ್ಬಲದ ಕಥೆಯನ್ನು ಅಚ್ಚಗನ್ನಡದಲ್ಲಿ ಹಾಡುವ ಆ ಮೇಳಗಳಲ್ಲಿ ಹಿಂದೂಗಳೂ ಇರುತ್ತಾರೆ, ಮುಸಲ್ಮಾನರೂ ಇರುತ್ತಾರೆ. ಹಿಮ್ಮೇಳ ಸೋತರೆ ಆಟ ಬಿತ್ತು ಎನ್ನುವ ಕಡೆ ‘ಹಿಂದಿನ ದನಿ’ ಎಂದರೆ ಕಡಿಮೆ ದನಿ ಎಂದು ಅರ್ಥವಾಗುವುದಿಲ್ಲ. ಬನಹಟ್ಟಿಯ ನೇಕಾರರ ಮಾತಿನಲ್ಲಿ ಹೇಳುವುದಾದರೆ, ಹಾಸು ಇಲ್ಲದೆ ಹೊಕ್ಕು ಎಲ್ಲಿ ನಿಂತೀತು?

ಅಮೀರಬಾಯಿ ನಾಟಕ-ಸಂಗೀತದ ಮನೆತನದವರು. ಅಕ್ಕ ಗೋಹರಬಾಯಿ ಬಾಲಗಂಧರ್ವರ ಜೊತೆ ಮರಾಠಿ ರಂಗಭೂಮಿಯಲ್ಲಿ ಹೆಸರಾದರು. ತಂಗಿ ಮುಂಬಯಿಯ ಚಿತ್ರರಂಗ ಸೇರಿ 1934ರ ‘ವಿಷ್ಣುಭಕ್ತಿ’ಯಿಂದ ತೆರೆಗೆ ಬಂದರು. 1940ರ ‘ನರಸೀ ಭಗತ್’ ಚಿತ್ರದಲ್ಲಿ ‘ವೈಷ್ಣವ ಜನತೋ’ ಹಾಡಿದರು. 1944ರ ‘ರತನ್’, 1947ರ ‘ಶೆಹನಾಯಿ’ಗಳ ಹಾಡುಗಳು ಮನೆಮನೆ ಮುಟ್ಟಿದವು. ಮೈಕು ಇಲ್ಲದೆ ಕೊನೆಯ ಸಾಲಿನವರೆಗೂ ಮುಟ್ಟಬೇಕಿದ್ದ ನಾಟಕದ ಕಂಠದ ಬಿಚ್ಚುತನ ಅವರ ದನಿಯಲ್ಲಿ ಕೊನೆಯವರೆಗೂ ಇತ್ತು.

ಆ ಬಿಚ್ಚುತನವೇ ಮುಂದೆ ತೊಡಕಾಯಿತು ಅನ್ನಬೇಕು. 1949ರಲ್ಲಿ ‘ಮಹಲ್’ ಮತ್ತು ‘ಬರ್ಸಾತ್’ ಬಂದವು. ಲತಾ ಅವರ ತೆಳುವಾದ, ಎತ್ತರದ, ಮೈಕಿಗೆಂದೇ ಹುಟ್ಟಿದಂಥ ದನಿ ಎಲ್ಲರ ರುಚಿಯನ್ನೂ ಬದಲಿಸಿತು. ವಿಚಿತ್ರವೆಂದರೆ ‘ಮಹಲ್’ನ ಪ್ರಸಿದ್ಧ ಹಾಡೊಂದರ ಮೊದಲ ತಟ್ಟೆಗಳ ಮೇಲೆ ಲತಾ ಹೆಸರೇ ಇರಲಿಲ್ಲ, ಪಾತ್ರದ ಹೆಸರು ‘ಕಾಮಿನಿ’ ಎಂದಷ್ಟೇ ಅಚ್ಚಾಗಿತ್ತು. ಹೆಸರಿಲ್ಲದ ಹಾಡುಗಾರಿಕೆಯ ರುಚಿ ಅವರೂ ಕಂಡವರೇ. ಮರುವರ್ಷವೇ ಇಬ್ಬರೂ ‘ಸಮಾಧಿ’ಗಾಗಿ ಜೊತೆಗೂಡಿದರು. ಸಂಗೀತ ‘ಶೆಹನಾಯಿ’ಯ ಸಿ. ರಾಮಚಂದ್ರ ಅವರದೇ, ನಾಯಕ ‘ಕಿಸ್ಮತ್’ನ ಅಶೋಕ್ ಕುಮಾರ್ ಅವರೇ.

‘ಗೋರೆ ಗೋರೆ’ಯ ಧಾಟಿ ಬಂದದ್ದು ‘ಚಿಕೋ ಚಿಕೋ’ ಎಂಬ ಲ್ಯಾಟಿನ್ ಅಮೆರಿಕನ್ ಕುಣಿತದ ಹಾಡಿನಿಂದ. ಸಪ್ತಸಾಗರದಾಚೆಯ ಆ ಧಾಟಿಯಲ್ಲಿ ಅಮೀರಬಾಯಿ ಮಾಡುವ ಕೆಲಸ ಮಾತ್ರ ಪಕ್ಕಾ ನಮ್ಮ ಕಡೆಯದು. ಲತಾ ಸಾಲನ್ನು ತೇಲಿಸಿ ಬಿಡುತ್ತಾರೆ. ಅಮೀರಬಾಯಿ ಅದೇ ಸಾಲನ್ನು ಒಂದೆರಡು ಅಕ್ಷರ ತಿರುಗಿಸಿ, ದಪ್ಪ ದನಿಯಲ್ಲಿ ನೆಲಕ್ಕೆ ತಂದು ಊರುತ್ತಾರೆ. ಇದು ಪಾರಿಜಾತದ ದೂತಿಯ ಚಾಳಿ: ರಾಣಿ ಆಡಿದ ಮಾತನ್ನೇ ತಿರುವಿ ಆಡಿ ಸಭೆಯನ್ನು ತನ್ನ ಕಡೆ ಎಳೆದುಕೊಳ್ಳುವುದು. ಅಮೀರಬಾಯಿ ಪಾರಿಜಾತ ನೋಡಿ ಇದನ್ನು ಕಲಿತರು ಎಂಬುದು ಈ ಲೇಖನದ ವಾದವಲ್ಲ. ಇಂಥ ಹಾಡಿಕೆಗೆ ಬೇಕಾದ ಕಿವಿ ಆ ಸೀಮೆಯಲ್ಲಿ ಸಿದ್ಧವಿತ್ತು ಎಂಬಷ್ಟೇ ವಾದ. 1950ರ ಈ ಎರಡನೆಯ ದನಿಯನ್ನು ಬರೀ ಇಳಿಗಾಲದ ಗುರುತು ಎಂದು ಓದುವುದು ಅರ್ಧ ಓದು.

ಈ ಮರೆವು ಹಿಂದಿ ಚಿತ್ರರಂಗದ ಒಂದೇ ಕಾಯಿಲೆಯೂ ಅಲ್ಲ. ಅಮೆರಿಕದ ಸೋಲ್ ಗಾಯಕಿ ಅರೀಥಾ ಫ್ರ್ಯಾಂಕ್ಲಿನ್ 1968ರಲ್ಲಿ ತಂದ ‘ಲೇಡಿ ಸೋಲ್’ ಆಲ್ಬಮ್ಮಿನಲ್ಲಿ ತಂಗಿ ಕ್ಯಾರೊಲಿನ್ ಬರೆದ ‘ಏಂಟ್ ನೋ ವೇ’ ಎಂಬ ಹಾಡಿದೆ. ಬಿಡಿ ತಟ್ಟೆಯಾಗಿ ಬಂದಾಗ ಅದಕ್ಕೆ ಸಿಕ್ಕಿದ್ದು ಹಿಂಬದಿ. ಅದರಲ್ಲಿ ಅರೀಥಾಳ ಹಿಂದೆ, ಬಹಳ ಎತ್ತರದಲ್ಲಿ ಪದವಿಲ್ಲದೆ ತೇಲುವ ದನಿ ಸಿಸ್ಸಿ ಹ್ಯೂಸ್ಟನ್ ಅವರದು. ಕಪ್ಪು ಜನರ ಚರ್ಚಿನ ಹಾಡಿಕೆಯೂ ಕರೆ-ಮರುಕರೆಯದೇ. ಆ ದನಿ ಯಾರದೆಂದು ಹುಡುಕಿ ಹೇಳುವ ಕೆಲಸವನ್ನು ಅಲ್ಲಿಯವರು ಮಾಡಿದ್ದಾರೆ. ಇಲ್ಲಿ ರಹಮತ್ ತರೀಕೆರೆ ಅಮೀರಬಾಯಿಯವರ ಬದುಕನ್ನು ಕುರಿತು ಕನ್ನಡದಲ್ಲಿ ಪುಸ್ತಕ ಬರೆದು ದಾರಿ ತೆರೆದಿದ್ದಾರೆ. ಹಾಡು ಹಾಡಾಗಿ ಕೇಳಿ ಬರೆಯುವ ಕೆಲಸ ಇನ್ನೂ ಬಾಕಿ ಇದೆ.

ವಿಜಯಪುರದ ಅಮೀರ್ ಟಾಕೀಸ್ ಅಮೀರಬಾಯಿಯವರ ಹೆಸರನ್ನು ಹೊತ್ತಿತು. ಅವರು ಹೊತ್ತದ್ದು ನಾಡಿನ ಹೆಸರನ್ನು. ಬೀಳಗಿ ಇನ್ನೂ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗಲೇ ಅವರು ‘ಕರ್ನಾಟಕಿ’. 1965ರಲ್ಲಿ ಅವರು ತೀರಿಕೊಂಡಾಗ ರಾಜ್ಯದ ಹೆಸರು ಇನ್ನೂ ಮೈಸೂರು ಎಂದೇ ಇತ್ತು; ಅದು ಕರ್ನಾಟಕವಾದದ್ದು ಎಂಟು ವರ್ಷದ ಬಳಿಕ, 1973ರ ನವೆಂಬರ್ 1ರಂದು.