ಕೋಚ್ ಬದಲಾದರೆ ಏನು ಬದಲಾಗುತ್ತದೆ?

ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಕೋಚ್‌ಗಳ ಕಾಲ ಮುಗಿಯಿತು ಎಂಬ ಮಾತು ಈಚೆಗೆ ಎಲ್ಲೆಡೆ ಕೇಳುತ್ತಿದೆ. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳ ಬಳಕೆಗೆ ಹಣ ಪಡೆಯಬಹುದು. ಅದೇ ವರ್ಷದಿಂದ, ಒಂದು ಋತು ಹೊರಗೆ ಕೂರದೆಯೇ ವಿಶ್ವವಿದ್ಯಾಲಯ ಬದಲಿಸಿ ಆಡಬಹುದು. 2025ರ ನ್ಯಾಯಾಲಯದ ಒಪ್ಪಂದದ ಪ್ರಕಾರ ವಿಶ್ವವಿದ್ಯಾಲಯವೇ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್‌ವರೆಗೆ ತನ್ನ ಕ್ರೀಡಾಪಟುಗಳಿಗೆ ಹಂಚಬಹುದು. ಹಣವಿದ್ದವರು ಗೆಲ್ಲುತ್ತಾರೆ, ಕೋಚ್ ಯಾರಾದರೇನು ಎಂಬುದು ವಾದ. ಹೀಗೆನ್ನುವವರೇ ನಾಲ್ಕು ಪಂದ್ಯ ಸೋತರೆ ಕೋಚ್‌ನನ್ನು ಕಿತ್ತುಹಾಕಿ ಎಂದೂ ಕೂಗುತ್ತಾರೆ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ 2023ರ ನವೆಂಬರಿನಲ್ಲಿ ಕೋಚ್ ಜಿಂಬೊ ಫಿಶರ್ ಅವರನ್ನು ತೆಗೆದಾಗ, ಉಳಿದ ಕರಾರಿಗಾಗಿ ಒಪ್ಪಿಕೊಂಡ ಮೊತ್ತ 7.5 ಕೋಟಿ ಡಾಲರಿಗೂ ಮಿಕ್ಕಿತ್ತು. ಕೆಲಸ ಬಿಟ್ಟುಹೋಗುವುದಕ್ಕೆ ಕೊಟ್ಟ ಹಣ ಅದು.

ಕೋಚ್‌ನಿಂದ ಏನೂ ಆಗದು, ಕೋಚ್‌ನಿಂದಲೇ ಎಲ್ಲ ಎಂಬ ಎರಡು ಮಾತುಗಳನ್ನೂ ಅಳೆದು ನೋಡಿದ ಅಧ್ಯಯನಗಳಿಗೆ ಅರುವತ್ತು ವರ್ಷಗಳ ಇತಿಹಾಸವಿದೆ. ಕೋಟಿಗಟ್ಟಲೆ ಹಣದ ನಿರ್ಧಾರ ತೆಗೆದುಕೊಳ್ಳುವವರು ಅವನ್ನು ಓದುವುದು ತೀರ ಅಪರೂಪ. ದಶಕಗಳಿಂದ ಈ ಅಂಕಿಗಳ ನಡುವೆಯೇ ಇರುವ ನನಗೆ ಅದರ ಸಂಕಟ ಇದೆ. ಈ ಬರಹಕ್ಕೆ ಕಾರಣವೂ ಅದೇ.

ಆರಂಭದ ಕಥೆ ಚಿಕ್ಕದು. 1869ರಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಆಡಿದ ಮೊದಲ ಅಂತರಕಾಲೇಜು ಪಂದ್ಯದಲ್ಲಿ ಕೋಚ್ ಎಂಬುವನೇ ಇರಲಿಲ್ಲ. ತಂಡ ನಾಯಕನ ಕೈಯಲ್ಲಿತ್ತು. ಯೇಲ್‌ನ ವಾಲ್ಟರ್ ಕ್ಯಾಂಪ್ 1880ರ ದಶಕದಲ್ಲಿ ಆಟದ ನಿಯಮಗಳಿಗೆ ರೂಪ ಕೊಟ್ಟರು. ಅಮೋಸ್ ಅಲೊಂಜೊ ಸ್ಟ್ಯಾಗ್ 1892ರಲ್ಲಿ ಷಿಕಾಗೊ ವಿಶ್ವವಿದ್ಯಾಲಯಕ್ಕೆ ಕೋಚ್ ಆಗಿ ಬಂದು, ಅಧ್ಯಾಪಕರ ಸ್ಥಾನಮಾನದೊಂದಿಗೆ ನಾಲ್ಕು ದಶಕ ಅಲ್ಲಿದ್ದರು. ನೋಟರ್ ಡೇಮ್‌ನ ನೂಟ್ ರಾಕ್ನಿ 105 ಪಂದ್ಯ ಗೆದ್ದು, 12 ಸೋತು, 1931ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಾಗ ದೇಶವೇ ಮರುಗಿತು. ಕೋಚ್ ಎಂದರೆ ಮಹಾಪುರುಷ ಎಂಬ ಭಾವನೆ ಬೇರೂರಿದ್ದು ಅಲ್ಲಿಂದ. ಆದರೆ ಆ ಕಾಲದ ನಿಯಮಗಳು ಕೋಚ್‌ನ ಕೈ ಕಟ್ಟಿದ್ದವು. ಅಂಕಣದ ಹೊರಗಿನಿಂದ ಆಟಗಾರರಿಗೆ ಸೂಚನೆ ಕೊಡುವುದಕ್ಕೆ ತಡೆಯಿತ್ತು, ಬದಲಿ ಆಟಗಾರರನ್ನು ಇಳಿಸುವುದಕ್ಕೂ ಮಿತಿಯಿತ್ತು. 1941ರಲ್ಲಿ ಮೊದಲ ಬಾರಿಗೆ ಸಡಿಲಗೊಂಡ ಬದಲಿ ಆಟಗಾರರ ನಿಯಮ, ನಡುವೆ ಮತ್ತೆ ಬಿಗಿಯಾಗಿ, 1960ರ ದಶಕದಲ್ಲಿ ನೆಲೆಯಾಯಿತು. ದಾಳಿಗೊಂದು ತಂಡ, ರಕ್ಷಣೆಗೊಂದು ತಂಡ, ಪ್ರತಿ ಆಟಕ್ಕೂ ಬೆಂಚಿನಿಂದ ಆದೇಶ ಎಂಬ ಇಂದಿನ ಪದ್ಧತಿ ಬೆಳೆದದ್ದು ಅದರ ನಂತರ. ರಾಕ್ನಿಯನ್ನೂ ಇಂದಿನ ಕೋಚ್‌ನನ್ನೂ ಒಂದೇ ಪಟ್ಟಿಯಲ್ಲಿ ಅಳೆಯುವವರು ಇದನ್ನು ಮರೆಯುತ್ತಾರೆ.

ಬಳಿಕ ಬಂದದ್ದು ಜೀವನಚರಿತ್ರೆಗಳ ಕಾಲ. ಪಾಲ್ 'ಬೇರ್' ಬ್ರಯಂಟ್ 1958ರಲ್ಲಿ ಅಲಬಾಮಕ್ಕೆ ಬಂದಾಗ ಆ ತಂಡ ಹಿಂದಿನ ಮೂರು ವರ್ಷಗಳಲ್ಲಿ ಗೆದ್ದದ್ದು ನಾಲ್ಕೇ ಪಂದ್ಯ. ಅವರು ಆರು ರಾಷ್ಟ್ರೀಯ ಪಟ್ಟ ಗಳಿಸಿಕೊಟ್ಟರು. ಅವರ ನಂತರ ಅಲಬಾಮ ಕಾಲು ಶತಮಾನ ಏಳುತ್ತ ಬೀಳುತ್ತ ನಡೆಯಿತು. 2007ರಲ್ಲಿ ನಿಕ್ ಸೇಬನ್ ಬಂದರು, ಮತ್ತೆ ಆರು ಪಟ್ಟ. ಈ ಎರಡು ಹೆಸರು ಹೇಳಿ ವಾದ ಮುಗಿಸುವವರು ಇಂದಿಗೂ ಇದ್ದಾರೆ. ಹತ್ತಾರು ಕೋಚ್‌ಗಳನ್ನು ಬದಲಿಸಿಯೂ ಇದ್ದಲ್ಲೇ ಉಳಿದ ವಿಶ್ವವಿದ್ಯಾಲಯಗಳ ಬಗ್ಗೆ ಪುಸ್ತಕ ಬರೆಯುವವರಿಲ್ಲ. ಗೆದ್ದವರನ್ನು ಮಾತ್ರ ಎಣಿಸಿದರೆ ಕೋಚ್ ಸರ್ವಶಕ್ತನಾಗಿ ಕಾಣುವುದು ಸಹಜ.

ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಮೊದಲು ಎತ್ತಿದ್ದು ಬೇಸ್‌ಬಾಲ್ ಅಧ್ಯಯನಗಳು. 1963ರಲ್ಲಿ ಆಸ್ಕರ್ ಗ್ರಸ್ಕಿ ಎಂಬ ಸಮಾಜಶಾಸ್ತ್ರಜ್ಞ, ಮ್ಯಾನೇಜರುಗಳನ್ನು (ಬೇಸ್‌ಬಾಲಿನಲ್ಲಿ ಕೋಚ್‌ಗೆ ಹಾಗೆನ್ನುತ್ತಾರೆ) ಪದೇಪದೇ ಬದಲಿಸುವ ತಂಡಗಳು ಕೆಟ್ಟದಾಗಿ ಆಡುತ್ತವೆ ಎಂದು ತೋರಿಸಿದರು. ಬದಲಾವಣೆಯೇ ಕೇಡು ತರುತ್ತದೆ, ಕೇಡು ಮತ್ತೆ ಬದಲಾವಣೆಯನ್ನು ತರುತ್ತದೆ ಎಂಬುದು ಅವರ ವಾದ. ಮರುವರ್ಷವೇ ಗ್ಯಾಮ್ಸನ್ ಮತ್ತು ಸ್ಕಾಚ್ ಉತ್ತರ ಕೊಟ್ಟರು: ಮ್ಯಾನೇಜರಿನಿಂದ ಹೆಚ್ಚೇನೂ ಆಗುವುದಿಲ್ಲ, ಅವನನ್ನು ತೆಗೆಯುವುದು ಅಭಿಮಾನಿಗಳ ಸಮಾಧಾನಕ್ಕೆ ಕೊಡುವ ಬಲಿ. ಮುಂದಿನ ಮೂವತ್ತು ವರ್ಷ ಚರ್ಚೆ ಈ ಎರಡು ಧ್ರುವಗಳ ನಡುವೆಯೇ ಸಾಗಿತು. ಅರ್ಥಶಾಸ್ತ್ರಜ್ಞರು ಬಂದು ಕೋಚ್‌ನ ದಕ್ಷತೆಗೆ ಸೂತ್ರ ಕಟ್ಟಿದರು. ಅವುಗಳಲ್ಲಿ ಬಹುಪಾಲು ಆಟಗಾರರ ಪ್ರತಿಭೆಯನ್ನು ಕೋಚ್‌ಗೆ ಹೊರಗಿನದು ಎಂದು ಹಿಡಿದವು. ಕಾಲೇಜು ಫುಟ್‌ಬಾಲಿನಲ್ಲಿ ಅದು ದೊಡ್ಡ ಲೋಪ. ಹೈಸ್ಕೂಲಿನ ಹುಡುಗನ ಮನೆಗೆ ಹೋಗಿ, ತಾಯಿಯ ಎದುರು ಕೂತು ಅವನನ್ನು ಒಲಿಸಿ ಕರೆತರುವುದೇ ಕೋಚ್‌ನ ಅರ್ಧ ಕೆಲಸ.

ನನ್ನ ತಲೆಮಾರಿಗೆ ಈ ವಿಷಯ ಹಿಡಿಸಿದ್ದು ಕ್ಯಾನ್ಸಸ್ ಸ್ಟೇಟ್‌ನಿಂದ. ಮೇಲ್ವಿಭಾಗದಲ್ಲಿ ಐನೂರು ಸೋಲು ಮುಟ್ಟಿದ ಮೊದಲ ತಂಡ ಅದು. 1988ರ ಕೊನೆಗೆ ಬಿಲ್ ಸ್ನೈಡರ್ ಕೋಚ್ ಹುದ್ದೆ ಒಪ್ಪಿಕೊಂಡಾಗ 27 ಪಂದ್ಯಗಳಿಂದ ಗೆಲುವೇ ಇರಲಿಲ್ಲ. ಅವರಿಗೆ ಆಗ 49 ವರ್ಷ. ಅಯೋವದಲ್ಲಿ ಹೇಡನ್ ಫ್ರೈ ಅವರ ಸಹಾಯಕರಾಗಿದ್ದವರು, ಎಲ್ಲೂ ಹೆಸರು ಮಾಡಿರಲಿಲ್ಲ. ಮೊದಲ ಋತುವಿನಲ್ಲಿ ಗೆದ್ದದ್ದು ಒಂದೇ ಪಂದ್ಯ, ನಾರ್ತ್ ಟೆಕ್ಸಾಸ್ ಮೇಲೆ 20-17. ಎರಡನೆಯದರಲ್ಲಿ ಐದು, ಮೂರನೆಯದರಲ್ಲಿ ಏಳು. 1998ರಲ್ಲಿ 11 ಪಂದ್ಯ ಸತತ ಗೆದ್ದು, ಬಿಗ್ 12 ಲೀಗಿನ ಫೈನಲಿನಲ್ಲಿ ಎರಡು ಹೆಚ್ಚುವರಿ ಅವಧಿಗಳ ನಂತರ ಸೋತರು. ಅವರ ದಾರಿಯಲ್ಲಿ ಪವಾಡವಿರಲಿಲ್ಲ. ದೊಡ್ಡ ವಿಶ್ವವಿದ್ಯಾಲಯಗಳು ಕೈಬಿಟ್ಟ ಹುಡುಗರನ್ನು ಎರಡು ವರ್ಷದ ಜೂನಿಯರ್ ಕಾಲೇಜುಗಳಿಂದ ಆರಿಸಿ ತಂದರು. ಲೀಗಿನ ಹೊರಗಿನ ಪಂದ್ಯಗಳಿಗೆ ದುರ್ಬಲ ಎದುರಾಳಿಗಳನ್ನು ಗೊತ್ತುಮಾಡಿಕೊಂಡು, ಗೆಲ್ಲುವ ಅಭ್ಯಾಸ ಮಾಡಿಸಿದರು. ಪತ್ರಿಕೆಗಳು ಟೀಕಿಸಿದರೂ ಬಿಡಲಿಲ್ಲ. ಬಾಬ್ ಸ್ಟೂಪ್ಸ್, ಬ್ರೆಂಟ್ ವೆನಬಲ್ಸ್ ಅವರಂಥ ಸಹಾಯಕರು ಅವರ ಬಳಿ ಪಳಗಿದರು.

ಸಂಶೋಧಕರ ಪಾಲಿಗೆ ಅಮೂಲ್ಯವಾದದ್ದು ಅನಂತರದ ಭಾಗ. 2005ರಲ್ಲಿ ಸ್ನೈಡರ್ ನಿವೃತ್ತರಾದರು. ಅವರ ಬದಲು ಬಂದ ರಾನ್ ಪ್ರಿನ್ಸ್ ಮೂರು ವರ್ಷಗಳಲ್ಲಿ 17 ಗೆದ್ದು 20 ಸೋತರು. 2009ರಲ್ಲಿ ಸ್ನೈಡರ್ ಮರಳಿ ಬಂದರು. 2012ರಲ್ಲಿ 11 ಗೆಲುವು, ಬಿಗ್ 12 ಪಟ್ಟದಲ್ಲಿ ಪಾಲು. ಅದೇ ಊರು, ಅದೇ ಕ್ರೀಡಾಂಗಣ. ಪ್ರಯೋಗಶಾಲೆಯಲ್ಲಿ ಏರ್ಪಡಿಸಲಾಗದ ಹೋಲಿಕೆಯನ್ನು ಬದುಕೇ ಒದಗಿಸಿತ್ತು.

ಆದರೂ ಒಂದು ತಂಡದ ಕಥೆ ಒಂದೇ ತಂಡದ್ದು. ಈ ಕ್ಷೇತ್ರವನ್ನು ಗಟ್ಟಿ ನೆಲದ ಮೇಲೆ ನಿಲ್ಲಿಸಿದ್ದು ಈಚಿನ ಹದಿನೈದು ವರ್ಷಗಳ ಹೋಲಿಕೆಯ ವಿಧಾನಗಳು. ನನ್ನ ಒಲವೂ ಅವುಗಳ ಕಡೆಗೇ. ಕೋಚ್‌ನನ್ನು ತೆಗೆಯುವುದು ಸಾಮಾನ್ಯವಾಗಿ ಅತಿ ಕೆಟ್ಟ ವರ್ಷದ ನಂತರ. ಆ ಕೆಟ್ಟ ವರ್ಷದಲ್ಲಿ ಗಾಯ, ದುರದೃಷ್ಟ ಎಲ್ಲ ಸೇರಿರುತ್ತವೆ. ಜ್ವರ ಏರಿದ ದಿನವೇ ವೈದ್ಯರನ್ನು ಬದಲಿಸಿದರೆ, ಜ್ವರ ತಾನಾಗಿ ಇಳಿದರೂ ಹೆಸರು ಹೊಸ ವೈದ್ಯರಿಗೆ. ಇದನ್ನು ಸರಿಪಡಿಸಲು ಸ್ಕಾಟ್ ಆಡ್ಲರ್, ಮೈಕಲ್ ಬೆರಿ, ಡೇವಿಡ್ ಡೊಹರ್ಟಿ ಅವರು 1997ರಿಂದ 2010ರವರೆಗಿನ ತಂಡಗಳನ್ನು ತೆಗೆದುಕೊಂಡು, ಕೋಚ್‌ನನ್ನು ತೆಗೆದ ಪ್ರತಿ ತಂಡಕ್ಕೂ ಅಷ್ಟೇ ಕೆಟ್ಟದಾಗಿ ಆಡಿಯೂ ತೆಗೆಯದ ತಂಡಗಳನ್ನು ಜೋಡಿಸಿದರು. ತೀರ ಕೆಳಗಿದ್ದ ತಂಡಗಳಿಗೆ ಬದಲಾವಣೆಯಿಂದ ಹೇಳಿಕೊಳ್ಳುವಂಥ ಲಾಭ ಆಗಲಿಲ್ಲ. ನಡುಮಟ್ಟದ ತಂಡಗಳು ಕೋಚ್‌ನನ್ನು ಉಳಿಸಿಕೊಂಡವರಿಗಿಂತ ಕೆಳಗಿಳಿದವು.

ಇದಕ್ಕೆ ವಿರುದ್ಧವೆಂಬಂತೆ ಕಾಣುವುದು ಷಿಕಾಗೊ ವಿಶ್ವವಿದ್ಯಾಲಯದ ಕ್ರಿಸ್ಟಫರ್ ಬೆರಿ ಮತ್ತು ಆಂಥನಿ ಫೌಲರ್ ಅವರ ಕೆಲಸ. ಒಂದು ತಂಡದ ಕೋಚ್‌ಗಳ ಅವಧಿಗಳನ್ನು ಕಂಪ್ಯೂಟರಿನಲ್ಲಿ ಸಾವಿರಾರು ಬಾರಿ ಹಿಂದುಮುಂದು ಕಲಸುತ್ತಾರೆ. ನಿಜವಾದ ಕ್ರಮವು ಫಲಿತಾಂಶವನ್ನು ಕಲಸಿದ ಕ್ರಮಗಳಿಗಿಂತ ಎಷ್ಟು ಚೆನ್ನಾಗಿ ವಿವರಿಸುತ್ತದೆ ಎಂದು ನೋಡುತ್ತಾರೆ. ಆ ಹೆಚ್ಚಳವೇ ಕೋಚ್‌ನ ಪಾಲು. 2019ರಲ್ಲಿ ಹಲವು ಆಟಗಳನ್ನು ಒಟ್ಟಿಗೆ ನೋಡಿ ಅವರು ಕೊಟ್ಟ ಅಂದಾಜು, ತಂಡದ ಯಶಸ್ಸಿನ ಏರಿಳಿತದಲ್ಲಿ ಸುಮಾರು ಶೇಕಡಾ 20ರಿಂದ 30 ಕೋಚ್‌ನದು. ಕಾಲೇಜು ಫುಟ್‌ಬಾಲೂ ಆ ಆಟಗಳಲ್ಲಿ ಸೇರಿತ್ತು.

ಪತ್ರಿಕೆಗಳು ಈ ಎರಡು ಅಧ್ಯಯನಗಳಲ್ಲಿ ಒಂದನ್ನು ಮಾತ್ರ ಹಿಡಿದು ತಮ್ಮ ವಾದಕ್ಕೆ ಬಳಸುತ್ತವೆ. ಎರಡೂ ಒಟ್ಟಿಗೆ ನಿಜ. ಒಬ್ಬ ಕೋಚ್‌ಗೂ ಇನ್ನೊಬ್ಬನಿಗೂ ಅಂತರ ದೊಡ್ಡದು. ಆದರೆ ಒಳ್ಳೆಯವನು ಯಾರೆಂದು ಮುಂಚಿತವಾಗಿ ಗುರುತಿಸುವುದು ವಿಶ್ವವಿದ್ಯಾಲಯಗಳಿಗೆ ಬಹುಮಟ್ಟಿಗೆ ಸಾಧ್ಯವಾಗಿಲ್ಲ. ಹಾಗಾಗಿ ಬದಲಾವಣೆಯ ಸರಾಸರಿ ಫಲ ಸೊನ್ನೆಯ ಹತ್ತಿರ, ಕೆಲವೊಮ್ಮೆ ಅದಕ್ಕಿಂತ ಕೆಳಗೆ. ಆಯ್ಕೆಗೆ ಮಾಡಬೇಕಾದ ಯೋಚನೆ, ಹಣ ಎರಡೂ ಕಿತ್ತುಹಾಕುವುದಕ್ಕೆ ಹೋಗುತ್ತಿವೆ.

ಹಣದ ಯುಗದಲ್ಲಿ ಕೋಚ್ ಬೇಡ ಎನ್ನುವವರಿಗೆ ಇಂಡಿಯಾನ ವಿಶ್ವವಿದ್ಯಾಲಯ ಸಾಕಷ್ಟು ಉತ್ತರ ಕೊಟ್ಟಿದೆ. 2023ರಲ್ಲಿ ಆ ತಂಡ 3 ಗೆದ್ದು 9 ಸೋತಿತ್ತು. ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಿಂದ ಬಂದ ಕರ್ಟ್ ಸಿಗ್ನೆಟಿ ಮೊದಲ ವರ್ಷವೇ 11 ಪಂದ್ಯ ಗೆದ್ದು ಪ್ಲೇಆಫ್ ಮುಟ್ಟಿಸಿದರು. ಮರುವರ್ಷ ಒಹಾಯೊ ಸ್ಟೇಟನ್ನು 13-10ರಲ್ಲಿ ಸೋಲಿಸಿ ಬಿಗ್ ಟೆನ್ ಲೀಗಿನ ಪಟ್ಟ. ಅವರು ಬರುವಾಗ ಹಳೆಯ ತಂಡದ ಹತ್ತಕ್ಕೂ ಹೆಚ್ಚು ಆಟಗಾರರನ್ನು ಜೊತೆಗೆ ತಂದಿದ್ದರು ಎಂಬುದನ್ನು ಸೇರಿಸಿಯೇ ಹೇಳಬೇಕು. ಈ ಗೆಲುವಿನಲ್ಲಿ ಕೋಚ್‌ನ ಪಾಲೆಷ್ಟು, ತಂದ ಹುಡುಗರ ಪಾಲೆಷ್ಟು ಎಂದು ಬಿಡಿಸಲು ನಮ್ಮ ಹಳೆಯ ಸೂತ್ರಗಳಿಗೆ ಆಗುವುದಿಲ್ಲ. ಯಾರನ್ನು ತರಬೇಕೆಂಬ ಅರಿವೂ ಕೋಚ್‌ನದೇ ಎಂದು ನಾನು ಎಣಿಸುತ್ತೇನೆ.

ಇನ್ನು ಈ ಅಧ್ಯಯನಗಳಲ್ಲಿ ಇಲ್ಲದ್ದು. ಗೆಲುವು, ಅಂಕ ಬಿಟ್ಟರೆ ಬೇರೆ ಫಲಿತಾಂಶವನ್ನು ಅಳೆದವರು ಕಡಿಮೆ. 2018ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ 19 ವರ್ಷದ ಆಟಗಾರನೊಬ್ಬ ವ್ಯಾಯಾಮದ ವೇಳೆ ಶಾಖಾಘಾತಕ್ಕೊಳಗಾಗಿ ಕೆಲವು ದಿನಗಳಲ್ಲಿ ತೀರಿಕೊಂಡ. ತಂಡದೊಳಗಿನ ವಾತಾವರಣ ಕೋಚ್‌ನ ಪರಿಣಾಮವೇ ಆಗಿದ್ದರೆ, ಇಂಥ ಸಾವೂ ಲೆಕ್ಕಕ್ಕೆ ಬರಬೇಕು.

ಇನ್ನೊಂದು ಕೊರತೆ ಇದಕ್ಕಿಂತ ಹಳೆಯದು. ಲೂಸಿಯಾನದ ಗ್ರ್ಯಾಂಬ್ಲಿಂಗ್, ಕಪ್ಪು ಜನರ ಕಾಲೇಜು. ಎಡ್ಡಿ ರಾಬಿನ್ಸನ್ 1941ರಲ್ಲಿ, 22ರ ವಯಸ್ಸಿನಲ್ಲಿ ಅಲ್ಲಿ ಕೋಚ್ ಆದರು. ಅಂಕಣದ ಹುಲ್ಲು ಕತ್ತರಿಸುವುದು, ಪತ್ರಿಕೆಗಳಿಗೆ ವರದಿ ಬರೆದು ಕಳಿಸುವುದು ಅವರದೇ ಕೆಲಸ. ದಾರಿಯ ಹೋಟೆಲುಗಳು ಕಪ್ಪು ಹುಡುಗರಿಗೆ ಬಾಗಿಲು ತೆರೆಯದ ಕಾಲ; ಪ್ರಯಾಣಕ್ಕೆ ಸ್ಯಾಂಡ್‌ವಿಚ್ ಕಟ್ಟಿಕೊಡುವುದೂ ಅವರೇ. 1997ರವರೆಗೆ 408 ಪಂದ್ಯ ಗೆದ್ದರು, ಇನ್ನೂರಕ್ಕೂ ಹೆಚ್ಚು ಆಟಗಾರರನ್ನು ವೃತ್ತಿಪರ ಫುಟ್‌ಬಾಲಿಗೆ ಕಳಿಸಿದರು. ಫ್ಲಾರಿಡ ಎ ಅಂಡ್ ಎಂನ ಜೇಕ್ ಗೇಥರ್ 203 ಗೆದ್ದು 36 ಸೋತರು. ಅತ್ತ ಬ್ರಯಂಟ್ 1960ರ ದಶಕದಲ್ಲಿ ಗಳಿಸಿದ ಮೂರು ಪಟ್ಟಗಳೂ ಬಿಳಿಯರಷ್ಟೇ ಇದ್ದ ತಂಡಗಳವು. ಅಲಬಾಮದ ಸ್ಕಾಲರ್‌ಶಿಪ್ ಪಡೆದ ಮೊದಲ ಕಪ್ಪು ಫುಟ್‌ಬಾಲ್ ಆಟಗಾರ ವಿಲ್ಬರ್ ಜಾಕ್ಸನ್ ಸೇರಿದ್ದು 1970ರಲ್ಲಿ. ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳ ಬಾಗಿಲು ತೆರೆದ ಮೇಲೆ, ಹಿಂದೆ ಗ್ರ್ಯಾಂಬ್ಲಿಂಗಿಗೆ ಬರುತ್ತಿದ್ದ ಹುಡುಗರು ಅತ್ತ ಹೋಗತೊಡಗಿದರು. ಆಟಗಾರರು ಕೋಚ್‌ನ ಆಯ್ಕೆಯ ಫಲ ಎಂದು ಬರೆದುಕೊಳ್ಳುವ ನಾವು, ಆಯ್ಕೆಯ ಹಕ್ಕು ಯಾರಿಗಿತ್ತು ಎಂಬುದನ್ನು ಸೂತ್ರದ ಹೊರಗಿಟ್ಟಿದ್ದೇವೆ. ನಮ್ಮ ಅಧ್ಯಯನಗಳು ಬಹುಮಟ್ಟಿಗೆ ಮೇಲ್ವಿಭಾಗದ ತಂಡಗಳಿಗೇ ಸೀಮಿತ. ರಾಬಿನ್ಸನ್, ಗೇಥರ್ ಅವರ ತಂಡಗಳು ಅದರಲ್ಲಿ ಬರುವುದಿಲ್ಲ. ಆ ಪಂದ್ಯಗಳ ವಿವರ 'ಪಿಟ್ಸ್‌ಬರ್ಗ್ ಕೊರಿಯರ್', 'ಷಿಕಾಗೊ ಡಿಫೆಂಡರ್'ನಂಥ ಕಪ್ಪು ಜನರ ಪತ್ರಿಕೆಗಳ ಹಳೆಯ ಸಂಪುಟಗಳಲ್ಲಿದೆ. ಒಬ್ಬ ಕೋಚ್‌ನನ್ನು ಮನೆಗೆ ಕಳಿಸಲು ಕೊಡುವ ಹಣದ ಸಣ್ಣ ಪಾಲು ಸಾಕು, ಆ ಪುಟಗಳನ್ನೆಲ್ಲ ಓದಿಸಿ ಅಂಕಿಗಳಾಗಿ ಇಳಿಸಲು.